ಕದಿರು, ಬಣ್ಣ, ಗಂತಿ: ಒಂದು ರೋಗನಿದಾನದ ಚರಿತ್ರೆ

ದಾವಣಗೆರೆಯವರಿಗೆ ಕದಿರು ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರು ಇದು. ದಾವಣಗೆರೆ ಕಾಟನ್ ಮಿಲ್ಲು, ಶಂಕರ್ ಮಿಲ್ಲು, ತೋಳಹುಣಸೆಯ ಯಲ್ಲಮ್ಮ ಮಿಲ್ಲು ಮುಂತಾದ ಹೆಸರುಗಳು ಇಂದಿಗೂ ಹಳಬರ ಮಾತಿನಲ್ಲಿ ಬಂದುಹೋಗುತ್ತವೆ. ನೂಲು ಸುತ್ತಿಕೊಂಡ ಕದಿರು ನಡುವೆ ಉಬ್ಬಿ ಎರಡೂ ತುದಿಗೆ ಸಣ್ಣಗಾಗುತ್ತದೆ. ಅದೇ ಆಕಾರದ ಇನ್ನೊಂದು ವಸ್ತು ಇದೇ ಊರಿನ ವೈದ್ಯಕೀಯ ಕಾಲೇಜಿನಲ್ಲಿ, ಪೆಥಾಲಜಿ ವಿಭಾಗದ ಸೂಕ್ಷ್ಮದರ್ಶಕದ ಕೆಳಗೆ ಕಾಣಿಸುತ್ತದೆ. ವೈದ್ಯರು ಅದನ್ನು ಸ್ಪಿಂಡಲ್ ಸೆಲ್ ಎನ್ನುತ್ತಾರೆ. ನಾವು ಕದಿರುಕೋಶ ಎನ್ನೋಣ.

ಕದಿರುಕೋಶ ಕಂಡ ಮಾತ್ರಕ್ಕೆ ರೋಗವೆಂದಲ್ಲ. ಗಾಯ ಮಾಯುವಾಗ ಚರ್ಮದಡಿ ನಾರು ನೇಯುವ ಕೋಶಗಳು ಕದಿರಿನಾಕಾರದವೇ. ಕರುಳಿನ, ರಕ್ತನಾಳಗಳ ಗೋಡೆಯಲ್ಲಿರುವ ಸ್ನಾಯುಕೋಶಗಳೂ ಹಾಗೆಯೇ. ತೊಡಕು ಬರುವುದು ಹೆಣ್ಣಿನ ಎದೆಯಲ್ಲಿ ಗಂಟೊಂದು ಎದ್ದು, ಅದರ ಚೂರನ್ನು ಗಾಜಿನ ಮೇಲಿಟ್ಟು ನೋಡಿದಾಗ ತುಂಬ ಈ ಕೋಶಗಳೇ ಇದ್ದಾಗ. ಸ್ತನದ ಸಾಮಾನ್ಯ ಕ್ಯಾನ್ಸರ್ ಹಾಲಿನ ನಾಳಗಳ ಒಳಪದರದಿಂದ ಹುಟ್ಟುತ್ತದೆ. ಅದರ ಕೋಶಗಳು ದುಂಡಗೆ ಇಲ್ಲವೇ ಬಹುಕೋನದ ಆಕಾರದಲ್ಲಿ ಗುಂಪುಗೂಡಿರುತ್ತವೆ, ಕಲಿತ ಕಣ್ಣು ಬೇಗ ಗುರುತಿಸುತ್ತದೆ. ಕದಿರುಕೋಶದ ಗಂತಿಗಳು ಅಪರೂಪ. ಅವುಗಳಲ್ಲಿ ಒಂದು ತಾನಾಗಿಯೇ ಕರಗಿಹೋಗುವ ನಿರುಪದ್ರವಿ, ಇನ್ನೊಂದು ಶ್ವಾಸಕೋಶಕ್ಕೆ ಹಾರುವ ಮಾರಿ. ಮೊದಲ ನೋಟಕ್ಕೆ ಎರಡೂ ಒಂದೇ ಥರ. ಯಾವುದು ಯಾವುದೆಂದು ಹೇಳುವ ವಿದ್ಯೆ ಕೂಡಿಬರಲು ಹತ್ತಿರ ಹತ್ತಿರ ಇನ್ನೂರು ವರ್ಷ ಬೇಕಾಯಿತು. ಆ ಇನ್ನೂರು ವರ್ಷಗಳಲ್ಲಿ ಕಳೆಯಬೇಕಿಲ್ಲದ ಎದೆಯನ್ನು ಕಳೆದುಕೊಂಡ ಹೆಂಗಸರಿದ್ದಾರೆ, ಏನೂ ಇಲ್ಲವೆಂದು ಮನೆಗೆ ಕಳಿಸಲ್ಪಟ್ಟು ಜೀವ ಕಳೆದುಕೊಂಡವರೂ ಇದ್ದಾರೆ.

ಸೂಕ್ಷ್ಮದರ್ಶಕಕ್ಕೆ ಮೊದಲು ವೈದ್ಯನಿಗಿದ್ದದ್ದು ಕಣ್ಣು ಮತ್ತು ಕೈ. ಸುಶ್ರುತಸಂಹಿತೆಯ ನಿದಾನಸ್ಥಾನ ಅರ್ಬುದವನ್ನು ವರ್ಣಿಸುವುದು ಕೈಗೆ ತಿಳಿಯುವ ಗುಣಗಳಿಂದಲೇ: ದುಂಡಗಿದೆಯೇ, ಅಲುಗುತ್ತದೆಯೇ, ಬೇರು ಆಳವೇ, ನಿಧಾನವಾಗಿ ಬೆಳೆಯುತ್ತದೆಯೇ, ಕೀವಾಗುತ್ತದೆಯೇ. ಅರ್ಬುದಗಳಲ್ಲಿ ಅದು ಆರು ಬಗೆಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂದು ಮಾಂಸಾರ್ಬುದ. ಗ್ರೀಕರ ಸಾರ್ಕೋಮ ಎಂಬ ಪದಕ್ಕೂ ಮಾಂಸದ ಗಂತಿ ಎಂದೇ ಅರ್ಥ. ಎರಡು ನಾಡಿನ ವೈದ್ಯರೂ ಬರಿಗಣ್ಣಿಗೆ ಮಾಂಸದಂತೆ ಕಂಡದ್ದನ್ನು ಹಾಗೆಯೇ ಕರೆದರು. ಒಳಗೇನಿದೆ ಎಂದು ತಿಳಿಯುವ ದಾರಿ ಇಬ್ಬರಿಗೂ ಇರಲಿಲ್ಲ.

ಒಳಗೇನಿದೆ ಎಂದು ತಿಳಿಯದೆ ಕತ್ತಿ ಎತ್ತುವುದೆಂದರೆ ಏನು ಎಂಬುದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಪರಿಚಯವಿರುವ ಸಾಕ್ಷಿಯೊಂದಿದೆ. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಯ ಬಲ ಸ್ತನವನ್ನು 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್ಸಿನಲ್ಲಿ ತೆಗೆದರು. ತೆಗೆದವನು ನೆಪೋಲಿಯನ್ನನ ಸೇನೆಯ ಹೆಸರಾಂತ ಶಸ್ತ್ರವೈದ್ಯ ಲಾರೆ. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಆಕೆ ತನ್ನ ಅಕ್ಕನಿಗೆ ಬರೆದ ದೀರ್ಘ ಪತ್ರ ರೋಗಿಯೊಬ್ಬಳು ತನ್ನದೇ ಶಸ್ತ್ರಚಿಕಿತ್ಸೆಯನ್ನು ದಾಖಲಿಸಿದ ಬರಹಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು. ಆ ಪತ್ರ ಬರೆದ ಮೇಲೂ ಆಕೆ ಬದುಕಿದಳು. 1840ರಲ್ಲಿ, 87ನೆಯ ವಯಸ್ಸಿನಲ್ಲಿ ತೀರಿಕೊಂಡಳು. ತೆಗೆದ ಗಂತಿಯನ್ನು ಯಾರೂ ಸೂಕ್ಷ್ಮದರ್ಶಕದಡಿ ನೋಡಲಿಲ್ಲ. ಅದು ಕ್ಯಾನ್ಸರ್ ಆಗಿತ್ತೇ, ಬಿಟ್ಟಿದ್ದರೂ ಕೇಡು ಮಾಡದ ಗಂಟಾಗಿತ್ತೇ ಎಂಬ ಪ್ರಶ್ನೆಗೆ ಇನ್ನು ಉತ್ತರ ಸಿಗುವುದಿಲ್ಲ.

ಬರ್ನಿ ಇನ್ನೂ ಬದುಕಿರುವಾಗಲೇ, 1838ರಲ್ಲಿ, ಬರ್ಲಿನ್ನಿನ ಯೊಹಾನೆಸ್ ಮ್ಯುಲರ್ ಗಂತಿಗಳ ಸೂಕ್ಷ್ಮ ರಚನೆಯ ಮೇಲೆ ಒಂದು ಪುಸ್ತಕ ಪ್ರಕಟಿಸಿದ. ಗಂತಿಯನ್ನು ತೆಳ್ಳಗೆ ಸೀಳಿ ಮಸೂರದಡಿ ನೋಡಿ ವಿಂಗಡಿಸಬೇಕು ಎಂದು ತೋರಿಸಿದ ಮೊದಲ ದೊಡ್ಡ ಪ್ರಯತ್ನ ಅದು. ನಮ್ಮ ಕಥೆಗೆ ಬೇಕಾದ ಎರಡು ಹೆಸರುಗಳು ಅವನಿಂದಲೇ ಬಂದವು. ಒಂದು ಡೆಸ್ಮಾಯ್ಡ್, ಅಂದರೆ ಕಟ್ಟುನಾರಿನಂಥ ಗಟ್ಟಿ ಗಂತಿ. ಇನ್ನೊಂದು ಸಿಸ್ಟೋಸಾರ್ಕೋಮ ಫಿಲ್ಲೋಡಿಸ್. ಈ ಎರಡನೆಯ ಗಂತಿಯನ್ನು ಕೊಯ್ದರೆ ಎಲೆಕೋಸನ್ನು ಅಡ್ಡಕ್ಕೆ ಹೆಚ್ಚಿದಂತೆ ಪದರ ಪದರವಾಗಿ ಕಾಣುತ್ತದೆ. ಫಿಲ್ಲೋನ್ ಎಂದರೆ ಗ್ರೀಕಿನಲ್ಲಿ ಎಲೆ. ಕನ್ನಡದಲ್ಲಿ ಎಲೆಗಂತಿ ಎಂದರೆ ಸಾಕು.

ಮ್ಯುಲರ್ ಎಲೆಗಂತಿಯನ್ನು ಸೌಮ್ಯ ಗಂತಿ ಎಂದೇ ತಿಳಿದಿದ್ದ. ಅವನ ಕಾಲದಲ್ಲಿ ಸಾರ್ಕೋಮ ಎಂದರೆ ಮಾಂಸದಂಥದ್ದು ಎಂದಷ್ಟೇ. ಅವನ ಶಿಷ್ಯ ರುಡಾಲ್ಫ್ ವಿರ್ಕೋ 1858ರಲ್ಲಿ ಕೋಶರೋಗಶಾಸ್ತ್ರದ ಉಪನ್ಯಾಸಗಳನ್ನು ಪ್ರಕಟಿಸಿ, ರೋಗವೆಂದರೆ ಕೋಶದ ರೋಗ ಎಂದು ಸಾರಿದ ಮೇಲೆ ಚಿತ್ರ ಬದಲಾಯಿತು. ಸಾರ್ಕೋಮ ಎಂಬುದು ಮಾರಕ ಗಂತಿಯ ಹೆಸರಾಗಿ ನಿಂತಿತು. ಜರ್ಮನ್ ಪಂಡಿತರು ದುಂಡುಕೋಶದ ಸಾರ್ಕೋಮ, ಕದಿರುಕೋಶದ ಸಾರ್ಕೋಮ ಎಂದು ಆಕಾರದ ಮೇಲೆ ವಿಂಗಡಿಸಿದರು. ಪದದ ಅರ್ಥ ಬದಲಾದರೂ ಎಲೆಗಂತಿಯ ಹೆಸರು ಬದಲಾಗಲಿಲ್ಲ. ಸೌಮ್ಯ ಗಂತಿಯೊಂದು ಮಾರಕ ಹೆಸರು ಹೊತ್ತು ಒಂದು ಶತಮಾನಕ್ಕೂ ಹೆಚ್ಚು ಕಾಲ ಓಡಾಡಿತು. ಹೆಸರು ಕೇಳಿ ಹೆದರಿದ ಶಸ್ತ್ರವೈದ್ಯರು ಇಡೀ ಸ್ತನ ತೆಗೆದರು. ಅದು ಸೌಮ್ಯವೆಂದು ಪುಸ್ತಕದಲ್ಲಿ ಓದಿದವರು ಗಂತಿಯನ್ನಷ್ಟೇ ಕಿತ್ತು ಸುಮ್ಮನಾದರು, ಅಂಥ ಕೆಲವರಲ್ಲಿ ಅದು ಮರಳಿ ಬಂತು. 1951ರಲ್ಲಿ ನ್ಯೂಯಾರ್ಕಿನ ಟ್ರೀವ್ಸ್ ಮತ್ತು ಸಂಡರ್‌ಲೆಂಡ್ 77 ರೋಗಿಗಳ ದಾಖಲೆ ಒಟ್ಟುಮಾಡಿ, ಇದು ಸೌಮ್ಯವೂ ಹೌದು ಮಾರಕವೂ ಹೌದು, ಪ್ರತಿಯೊಂದನ್ನೂ ಬೇರೆಯಾಗಿ ಅಳೆಯಬೇಕು ಎಂದು ತೋರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಸಾರ್ಕೋಮ ಎಂಬ ಪದವನ್ನು ಕೈಬಿಟ್ಟು ಫಿಲ್ಲೋಡಿಸ್ ಗಂತಿ ಎಂದು ಕರೆಯಲು ಸೂಚಿಸಿದ್ದು 1981ರಲ್ಲಿ. ಸೌಮ್ಯ, ನಡುವಣ, ಮಾರಕ ಎಂಬ ಮೂರು ದರ್ಜೆಗಳು ಈಗ ಬಳಕೆಯಲ್ಲಿವೆ.

ಇಷ್ಟೆಲ್ಲ ನೋಡಲು ಮಸೂರ ಒಂದೇ ಸಾಲದು. ಹಸಿ ಅಂಗಾಂಶ ಪಾರದರ್ಶಕವಾದ ಲೋಳೆ. ಅದನ್ನು ಗಟ್ಟಿಮಾಡಿ, ತೆಳ್ಳಗೆ ಕೊಯ್ದು, ಬಣ್ಣ ಹಾಕಬೇಕು. ಇಲ್ಲಿ ಬಟ್ಟೆಯ ಉದ್ಯಮ ವೈದ್ಯಕ್ಕೆ ನೆರವಾಯಿತು. ಮೆಕ್ಸಿಕೋದ ಕ್ಯಾಂಪೆಚೆ ತೀರದ ಲಾಗ್‌ವುಡ್ ಮರದ ತಿರುಳಿನಿಂದ ತೆಗೆಯುವ ಬಣ್ಣವನ್ನು ಯುರೋಪಿನವರು ಮುನ್ನೂರು ವರ್ಷ ಉಣ್ಣೆ, ಹತ್ತಿ, ರೇಷ್ಮೆಗೆ ಹಾಕುತ್ತಿದ್ದರು. ಪಟಿಕ ಬೆರೆಸಿದರೆ ಬಟ್ಟೆಗೆ ಬಣ್ಣ ಕಚ್ಚಿಕೊಳ್ಳುತ್ತದೆ ಎಂಬುದು ಬಣ್ಣಗಾರರ ಅನುಭವ. 1865ರಲ್ಲಿ ಬ್ಯೋಮರ್ ಎಂಬ ವಿಜ್ಞಾನಿ ಅದೇ ಉಪಾಯವನ್ನು ಅಂಗಾಂಶದ ಮೇಲೆ ಮಾಡಿದ. ಕೋಶದ ನಡುವಿನ ಕೇಂದ್ರ ನೀಲಿಯಾಗಿ ಎದ್ದು ಕಂಡಿತು. ಅದೇ ಹೆಮಟಾಕ್ಸಿಲಿನ್. 1870ರ ದಶಕದಲ್ಲಿ ಜರ್ಮನಿಯ ಬಣ್ಣದ ಕಾರ್ಖಾನೆಗಳಿಂದ ಈಯೋಸಿನ್ ಎಂಬ ಗುಲಾಬಿ ಬಣ್ಣ ಬಂತು. ಗಂತಿಯನ್ನು ಕೆಡದಂತೆ ಇಡುವ ಫಾರ್ಮಲಿನ್ ಸಿಕ್ಕಿದ್ದು 1893ರಲ್ಲಿ. ಫ್ರಾಂಕ್‌ಫರ್ಟಿನ ಫರ್ಡಿನಾಂಡ್ ಬ್ಲೂಮ್ ಅದನ್ನು ಕ್ರಿಮಿನಾಶಕವಾಗಿ ಪರೀಕ್ಷಿಸುತ್ತಿದ್ದಾಗ ತನ್ನ ಬೆರಳಿನ ಚರ್ಮವೇ ಗಡುಸಾದದ್ದನ್ನು ಗಮನಿಸಿದ. ಇಂದಿಗೂ ದಾವಣಗೆರೆಯಲ್ಲಾಗಲಿ ಬರ್ಲಿನ್ನಿನಲ್ಲಾಗಲಿ ಗಂತಿಯ ಮೊದಲ ಪರೀಕ್ಷೆ ನಡೆಯುವುದು ಈ ಮೂರರಿಂದಲೇ: ಫಾರ್ಮಲಿನ್, ನೀಲಿ, ಗುಲಾಬಿ.

ಬಣ್ಣ ಸಿಕ್ಕಿತು, ಸಾವಧಾನ ಸಿಕ್ಕಲಿಲ್ಲ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತನ್ನ 50 ರೋಗಿಗಳ ವಿವರ ಪ್ರಕಟಿಸಿದ ಮೇಲೆ, ಸ್ತನದ ಜೊತೆಗೆ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ತೆಗೆಯುವುದು ಜಗತ್ತಿನ ರೂಢಿಯಾಯಿತು. 1905ರಲ್ಲಿ ಮೇಯೊ ಕ್ಲಿನಿಕ್ಕಿನ ಲೂಯಿ ವಿಲ್ಸನ್ ಅಂಗಾಂಶವನ್ನು ಹೆಪ್ಪುಗಟ್ಟಿಸಿ, ಬಣ್ಣ ಹಾಕಿ, ಕೆಲವೇ ನಿಮಿಷಗಳಲ್ಲಿ ಉತ್ತರ ಹೇಳುವ ವಿಧಾನ ರೂಪಿಸಿದ. ರೋಗಿ ಮೇಜಿನ ಮೇಲೆ ಮಲಗಿರುವಂತೆಯೇ ತೀರ್ಪು ಬರತೊಡಗಿತು. ಹಲವು ದಶಕಗಳ ಕಾಲ ಹೆಂಗಸರು ಎಚ್ಚರವಾದಾಗ ಎದೆ ಇರುತ್ತದೋ ಇಲ್ಲವೋ ಎಂದು ತಿಳಿಯದೆಯೇ ಅರಿವಳಿಕೆಗೆ ಒಪ್ಪಿಗೆ ಕೊಟ್ಟರು. ಸಾಮಾನ್ಯ ಕ್ಯಾನ್ಸರಿಗೆ ಆ ಅವಸರದ ನೋಟ ಬಹುಪಾಲು ಸಾಕಾಗುತ್ತಿತ್ತು. ಹೆಪ್ಪುಗಟ್ಟಿದ ಚೂರಿನಲ್ಲಿ ಕದಿರುಕೋಶದ ಕುಲ ಹೇಳುವುದು ಮಾತ್ರ ಇಂದಿಗೂ ಅಪಾಯದ ಕೆಲಸ. 1970ರ ನಂತರ ಬರ್ನಾರ್ಡ್ ಫಿಶರ್ ಮತ್ತು ಸಂಗಡಿಗರ ಪ್ರಯೋಗಗಳು ಹಾಲ್‌ಸ್ಟೆಡ್ ವಿಧಾನದ ಅಗತ್ಯವನ್ನು ಅಲ್ಲಗಳೆದ ಮೇಲೆ, ಮೊದಲು ನಿದಾನ, ಆಮೇಲೆ ಕತ್ತಿ ಎಂಬ ಕ್ರಮ ನೆಲೆಯಾಯಿತು.

ಈ ವಿದ್ಯೆ ನಮ್ಮ ಕಡೆಗೆ ಬಂದ ದಾರಿ ನೋಡೋಣ. 1941ರಲ್ಲಿ ಮುಂಬೈಯಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ ತೆರೆದಾಗ ಅದರ ಪ್ರಯೋಗಾಲಯಗಳನ್ನು ಕಟ್ಟಿದವರು ವಿ.ಆರ್. ಖಾನೋಲ್ಕರ್. ಭಾರತದ ಗಂತಿಗಳನ್ನು ಇಲ್ಲಿಯ ಕಣ್ಣಿನಿಂದ ನೋಡಿ ದಾಖಲಿಸುವ ಪರಂಪರೆ ಅವರಿಂದ ಗಟ್ಟಿಯಾಯಿತು. ಮೈಸೂರು ಸಂಸ್ಥಾನದ ವೈದ್ಯಕೀಯ ಕಾಲೇಜು 1924ರಲ್ಲಿ ಶುರುವಾಗಿತ್ತು. ಆಮೇಲೆ 1953ರಲ್ಲಿ ಮಣಿಪಾಲ, 1955ರಲ್ಲಿ ಬೆಂಗಳೂರು, 1957ರಲ್ಲಿ ಹುಬ್ಬಳ್ಳಿ, 1963ರಲ್ಲಿ ಬೆಳಗಾವಿ ಮತ್ತು ಕಲಬುರಗಿ. ದಾವಣಗೆರೆಯಲ್ಲಿ ಬಾಪೂಜಿ ವಿದ್ಯಾಸಂಸ್ಥೆಯ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಆರಂಭವಾದದ್ದು 1965ರಲ್ಲಿ. ಊರಿನವರ ಬಾಯಲ್ಲಿ ಅದು ಜೆಜೆಎಂ. ದಾವಣಗೆರೆ ಆಗ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ವೈದ್ಯಕೀಯ ಕಾಲೇಜು ಬಂತೆಂದರೆ ಊರಿಗೆ ಬರೀ ಡಾಕ್ಟರುಗಳು ಬಂದರು ಎಂದಲ್ಲ, ಪೆಥಾಲಜಿ ವಿಭಾಗವೂ ಬಂತು. ಹರಿಹರ, ಹೊನ್ನಾಳಿ, ಜಗಳೂರು, ರಾಣೆಬೆನ್ನೂರು ಕಡೆಯಿಂದ ಚಿಗಟೇರಿ ಆಸ್ಪತ್ರೆಗೋ ಬಾಪೂಜಿ ಆಸ್ಪತ್ರೆಗೋ ಬಂದ ಹೆಂಗಸಿನ ಗಂಟಿನ ಚೂರು ದೂರದ ಊರಿಗೆ ಹೋಗದೆ ಅಲ್ಲೇ ಮೇಣದ ಬ್ಲಾಕಾಗಿ, ಬಣ್ಣ ಹಾಕಿದ ಸ್ಲೈಡಾಗಿ ಪರೀಕ್ಷೆಯಾಗುವಂತಾಯಿತು. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಗಂತಿ ಸಂಸ್ಥೆ ಶುರುವಾಯಿತು. 1980ರ ದಶಕದ ಮೊದಲಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಮೊದಲ ಕೇಂದ್ರಗಳಲ್ಲಿ ಬೆಂಗಳೂರೂ ಒಂದಾಯಿತು. ಸ್ತನದ ಕ್ಯಾನ್ಸರ್ ನಮ್ಮಲ್ಲಿ ಎಷ್ಟಿದೆ ಎಂಬ ಲೆಕ್ಕ ಸಿಕ್ಕತೊಡಗಿದ್ದು ಆಗ.

ಅದೇ ಕಾಲದಲ್ಲಿ ಕನ್ನಡದಲ್ಲಿ ಹೆಣ್ಣಿನ ದೇಹದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದವರು ಡಾ. ಅನುಪಮಾ ನಿರಂಜನ. ಕಾದಂಬರಿಗಳ ಜೊತೆಗೆ ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ವಿನಂಥ ಪುಸ್ತಕಗಳಿಂದ ಮನೆಮನೆಗೆ ತಲುಪಿದ ಈ ವೈದ್ಯೆ 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಎದೆಯಲ್ಲಿ ಗಂಟಿದೆ ಎಂದು ಗಂಡನಿಗೂ ಹೇಳಲು ನಾಚುತ್ತಿದ್ದ ಹೆಂಗಸಿಗೆ ಮಾತು ಕೊಟ್ಟ ಬರಹಗಳೂ ರೋಗನಿದಾನದ ಚರಿತ್ರೆಯ ಭಾಗವೇ. ರೋಗಿ ಬಾಯಿ ಬಿಡದೆ ಸೂಕ್ಷ್ಮದರ್ಶಕಕ್ಕೆ ಕೆಲಸವಿಲ್ಲ.

ಸಣ್ಣ ಊರಿನ ವೈದ್ಯರಿಗೆ ದೊಡ್ಡ ವರವಾದದ್ದು ಸೂಜಿ ಪರೀಕ್ಷೆ. 1930ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲಿಸ್ ಶುರುಮಾಡಿದ ಈ ವಿಧಾನವನ್ನು ಸ್ವೀಡನ್ನಿನ ವೈದ್ಯರು ಪಳಗಿಸಿದರು. ಒಂದು ಸಿರಿಂಜು, ತೆಳು ಸೂಜಿ, ಗಾಜಿನ ಸ್ಲೈಡು ಇದ್ದರೆ ಆಯಿತು. ಖರ್ಚು ಕಡಿಮೆ, ಉತ್ತರ ಬೇಗ. ಆದರೆ ಕದಿರುಕೋಶದ ಮುಂದೆ ಸೂಜಿ ಸೋಲುತ್ತದೆ. ಅದು ಕೋಶಗಳನ್ನು ಬಿಡಿಬಿಡಿಯಾಗಿ ಹೀರಿ ತರುತ್ತದೆ, ಅವು ಹೇಗೆ ನೇಯ್ದುಕೊಂಡಿದ್ದವು ಎಂಬುದನ್ನು ತರುವುದಿಲ್ಲ. ಎಳೆ ಬಿಚ್ಚಿ ಕೈಗೆ ಕೊಟ್ಟು, ಇದು ಇಳಕಲ್ಲ ಸೀರೆಯೋ ಮೊಳಕಾಲ್ಮೂರಿನದೋ ಹೇಳಿ ಎಂದು ಕೇಳಿದ ಹಾಗೆ. ನೇಯ್ಗೆ ನೋಡಲು ದಪ್ಪ ಸೂಜಿಯ ಕೋರ್ ಬಯಾಪ್ಸಿ ಬೇಕು, ಎಷ್ಟೋ ಸಲ ಗಂತಿಯನ್ನು ಇಡಿಯಾಗಿ ತೆಗೆದೇ ನೋಡಬೇಕು.

ಈ ನಡುವೆ ಕದಿರುಕೋಶದ ಕುಟುಂಬ ಬೆಳೆಯುತ್ತ ಹೋಯಿತು. 1955ರಲ್ಲಿ ಅಮೆರಿಕದ ಕಾನ್‌ವಾಲರ್ ಮತ್ತು ಸಂಗಡಿಗರು ಸಾರ್ಕೋಮದ ವೇಷ ಹಾಕಿದ ಒಂದು ನಿರುಪದ್ರವಿ ಗಂಟನ್ನು ವರ್ಣಿಸಿದರು. ನೋಡುನೋಡುತ್ತ ಬೆಳೆದು, ಕೋಶಗಳು ಭರದಿಂದ ಒಡೆಯುತ್ತ, ಕೆಲವು ತಿಂಗಳಲ್ಲಿ ತಾನೇ ಕುಗ್ಗಬಲ್ಲ ಗಂಟು ಇದು. ಈಗಿನ ಹೆಸರು ನಾಡ್ಯುಲರ್ ಫ್ಯಾಶೈಟಿಸ್. 1971ರಲ್ಲಿ ಗಬ್ಬಿಯಾನಿ, ರಯನ್, ಮಾಯ್ನೊ ಎಂಬುವರು ನಾರು ನೇಯುವ ಗುಣ ಮತ್ತು ಸ್ನಾಯುವಿನ ಗುಣ ಎರಡೂ ಇರುವ ಮಯೋಫೈಬ್ರೋಬ್ಲಾಸ್ಟ್ ಕೋಶವನ್ನು ಹೆಸರಿಸಿದರು. 1987ರಲ್ಲಿ ವಾರ್ಗಾಟ್ಸ್, ವೈಸ್, ನಾರಿಸ್ ಅದೇ ಕೋಶದಿಂದಾದ ಸ್ತನದ ಸೌಮ್ಯ ಗಂತಿಯನ್ನು 16 ರೋಗಿಗಳ ಆಧಾರದಲ್ಲಿ ವರ್ಣಿಸಿ ಮಯೋಫೈಬ್ರೋಬ್ಲಾಸ್ಟೋಮ ಎಂದರು. ಗಂಡಸರ ಎದೆಯಲ್ಲೂ ಬರುವ ಗಂತಿ ಅದು. ಮ್ಯುಲರನ ಡೆಸ್ಮಾಯ್ಡ್ ಸ್ತನದಲ್ಲೂ ಹುಟ್ಟುತ್ತದೆ, ಅದಕ್ಕೆ ಫೈಬ್ರೋಮಟೋಸಿಸ್ ಎಂಬ ಹೆಸರೂ ಇದೆ. ಅದು ದೂರದ ಅಂಗಕ್ಕೆ ಹರಡುವುದಿಲ್ಲ, ಇದ್ದಲ್ಲೇ ಬೇರು ಬಿಡುತ್ತದೆ.

ಎಲ್ಲಕ್ಕಿಂತ ಮೋಸಗಾರ ಮೆಟಾಪ್ಲಾಸ್ಟಿಕ್ ಕಾರ್ಸಿನೋಮ. ನಾಳದ ಒಳಪದರದಿಂದಲೇ ಹುಟ್ಟಿದ ಅಸಲಿ ಕ್ಯಾನ್ಸರ್ ಇದು. ದುಂಡು ಕೋಶದ ರೂಪ ಬಿಟ್ಟು ಕದಿರಿನ ರೂಪ ತಳೆದಿರುತ್ತದೆ. ಅದರ ಒಂದು ಬಗೆ ಎಷ್ಟು ಸಾಧುವಾಗಿ ಕಾಣುತ್ತದೆಂದರೆ, 1999ರಲ್ಲಿ ಗೋಬಿ ಮತ್ತು ಸಂಗಡಿಗರು ಅದಕ್ಕೆ ಫೈಬ್ರೋಮಟೋಸಿಸ್‌ನಂಥ ಕ್ಯಾನ್ಸರ್ ಎಂದೇ ಹೆಸರಿಡಬೇಕಾಯಿತು. ಆದ್ದರಿಂದಲೇ ಇಂದು ಪೆಥಾಲಜಿಯ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಮೊದಲ ಪಾಠ: ಸ್ತನದಲ್ಲಿ ಕದಿರುಕೋಶ ಕಂಡರೆ, ಅಲ್ಲವೆಂದು ರುಜುವಾತಾಗುವವರೆಗೆ ಮೆಟಾಪ್ಲಾಸ್ಟಿಕ್ ಕ್ಯಾನ್ಸರನ್ನು ಮನಸ್ಸಿನಲ್ಲಿಟ್ಟುಕೊಂಡೇ ನೋಡು.

ರುಜುವಾತು ಎಲ್ಲಿಂದ? ನೀಲಿ ಗುಲಾಬಿಗಳು ಆಕಾರ ತೋರಿಸುತ್ತವೆ, ಕುಲ ಹೇಳುವುದಿಲ್ಲ. 1940ರ ದಶಕದ ಆರಂಭದಲ್ಲಿ ಹಾರ್ವರ್ಡಿನ ಆಲ್ಬರ್ಟ್ ಕೂನ್ಸ್ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಅಂಟಿಸಿ ಅಂಗಾಂಶದಲ್ಲಿ ಬೇಕಾದ ಪ್ರೋಟೀನನ್ನು ಹುಡುಕಬಹುದೆಂದು ತೋರಿಸಿದ್ದ. 1974ರಲ್ಲಿ ಟೇಲರ್ ಮತ್ತು ಬರ್ನ್ಸ್ ಅದೇ ತತ್ವವನ್ನು ಫಾರ್ಮಲಿನ್ನಿನಲ್ಲಿಟ್ಟು ಮೇಣದಲ್ಲಿ ಹೂತ ಮಾಮೂಲು ಬ್ಲಾಕುಗಳಿಗೂ ತಂದರು. 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಒಂದೇ ಗುರಿಯ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದು 1984ರಲ್ಲಿ ನೊಬೆಲ್ ಪಡೆದರು. ಈಗ ಪೆಥಾಲಜಿಸ್ಟ್ ಒಂದೇ ಬ್ಲಾಕಿನಿಂದ ಹತ್ತಾರು ತೆಳು ಪದರ ಕೊಯ್ದು ಒಂದೊಂದಕ್ಕೂ ಒಂದೊಂದು ಪ್ರಶ್ನೆ ಕೇಳಬಹುದು. ಸೈಟೊಕೆರಾಟಿನ್ ಅಥವಾ ಪಿ 63 ಇದೆಯೇ? ಇದ್ದರೆ ಕ್ಯಾನ್ಸರಿನ ಶಂಕೆ ಬಲವಾಗುತ್ತದೆ. ಸಿಡಿ 34 ಮತ್ತು ಡೆಸ್ಮಿನ್ ಎರಡೂ ಇವೆಯೇ? ಮಯೋಫೈಬ್ರೋಬ್ಲಾಸ್ಟೋಮ ಇರಬಹುದು. ಬೀಟಾ ಕೆಟೆನಿನ್ ಕೋಶಕೇಂದ್ರದೊಳಗೆ ನುಗ್ಗಿದೆಯೇ? ಫೈಬ್ರೋಮಟೋಸಿಸ್ ಕಡೆ ಬೆರಳು. ರಕ್ತನಾಳದ ಗುರುತು ಸಿಡಿ 31 ಇದೆಯೇ? ಆಂಜಿಯೋಸಾರ್ಕೋಮ ನೋಡಬೇಕು. ಯಾವ ಒಂದು ಉತ್ತರವೂ ಅಂತಿಮವಲ್ಲ. ಸೈಟೊಕೆರಾಟಿನ್ನಿನ ಒಂದು ಪರೀಕ್ಷೆ ಇಲ್ಲವೆಂದರೆ ಸಾಲದು, ಅದರ ಹಲವು ಬಗೆಗಳನ್ನು ಹಾಕಿ ನೋಡಬೇಕು. ಬೀಟಾ ಕೆಟೆನಿನ್ ಕೆಲವು ಎಲೆಗಂತಿಗಳಲ್ಲೂ ಕಾಣುತ್ತದೆ. ಸಾಕ್ಷಿಗಳನ್ನೆಲ್ಲ ಕೂಡಿಸಿ ನ್ಯಾಯ ಹೇಳಬೇಕು. ಪ್ರತಿ ಪ್ರಶ್ನೆಗೂ ಬೆಲೆಯಿದೆ, ಎಷ್ಟೋ ಸಲ ಅದು ರೋಗಿಯ ಮನೆಯವರ ಜೇಬಿನಿಂದಲೇ ಬರುತ್ತದೆ.

ದಾವಣಗೆರೆಯಿಂದ 14 ಕಿಲೋಮೀಟರ್ ದೂರದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರನ ಗುಡಿಯಿದೆ. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಒಂದೇ ಬದಿಯನ್ನು ನೋಡಿ ಹೊರಬಂದವನು ತಾನು ಕಂಡದ್ದು ಶಿವನನ್ನೇ ಎಂದು ಆಣೆಯಿಟ್ಟು ಹೇಳಿಯಾನು. ಎಲೆಗಂತಿಯೂ ಅಂಥ ಜೋಡಿ ಗಂತಿ. ಅದರಲ್ಲಿ ಕದಿರುಕೋಶದ ನಾರುಭಾಗವೂ ಇದೆ, ಅದರ ಎಲೆಗಳಿಗೆ ಅಂಚು ಕಟ್ಟಿದ ನಾಳಕೋಶದ ಪದರವೂ ಇದೆ. ಬಯಾಪ್ಸಿ ಸೂಜಿ ನಾರುಭಾಗಕ್ಕೆ ಮಾತ್ರ ತಾಗಿದರೆ ಸಾರ್ಕೋಮವೆಂದೋ ಫೈಬ್ರೋಮಟೋಸಿಸ್ ಎಂದೋ ಓದಬಹುದು. ನಾಳದ ಭಾಗವೇ ಹೆಚ್ಚು ಬಂದರೆ ಹದಿಹರೆಯದವರಲ್ಲಿ ಸಾಮಾನ್ಯವಾದ ಫೈಬ್ರೋಅಡಿನೋಮ ಎಂದು ಓದಬಹುದು. ಅದಕ್ಕೇ ದೊಡ್ಡ ಗಂತಿಯನ್ನು ಹಲವು ಕಡೆ ಕೊಯ್ದು ಹಲವು ಬ್ಲಾಕು ಮಾಡಬೇಕು ಎನ್ನುವುದು. ಮಾರಕ ಎಲೆಗಂತಿಯಲ್ಲಿ ನಾರುಭಾಗ ಮಿತಿಮೀರಿ ಬೆಳೆದು ಎಲೆಗಳು ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುತ್ತವೆ. ಆ ಮೂಲೆ ಸಿಕ್ಕರೆ ನಿದಾನ ಸಿಕ್ಕಿತು.

ಹೆಸರು ಸರಿಯಾಗಿ ಸಿಗುವುದರಿಂದ ಏನು ವ್ಯತ್ಯಾಸ? ನಾಡ್ಯುಲರ್ ಫ್ಯಾಶೈಟಿಸ್ ಎಂದು ಖಚಿತವಾದರೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಡ. 2011ರಲ್ಲಿ ಅದರಲ್ಲಿ ಯುಎಸ್‌ಪಿ 6 ಎಂಬ ಜೀನ್ ಬೇರೊಂದರ ಜೊತೆ ಬೆಸೆದುಕೊಂಡಿರುವುದು ಪತ್ತೆಯಾದ ಮೇಲೆ ಖಚಿತಪಡಿಸಲು ಇನ್ನೊಂದು ದಾರಿ ಸಿಕ್ಕಿದೆ. ಡೆಸ್ಮಾಯ್ಡಿಗೆ ಕಂಡ ಕೂಡಲೇ ಕತ್ತಿ ಹಾಕುವ ಬದಲು ಮೊದಲು ಕಾದು ನೋಡಿ ಎಂದು 2020ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಒಮ್ಮತದ ಸೂಚನೆ ಹೇಳುತ್ತದೆ. ಎಲೆಗಂತಿಯನ್ನು ಸುತ್ತಲಿನ ಆರೋಗ್ಯವಂತ ಅಂಗಾಂಶದ ಸಮೇತ ತೆಗೆಯಬೇಕು. ಅದು ಮಾರಕವಾದರೂ ಸಾಮಾನ್ಯವಾಗಿ ರಕ್ತದ ಮೂಲಕ ಹರಡುತ್ತದೆ, ಕಂಕುಳಿಗೆ ಹೋಗುವುದು ವಿರಳ. ಹಾಗಾಗಿ ಕಂಕುಳಿನ ಗ್ರಂಥಿ ತೆಗೆದು ಜೀವನವಿಡೀ ಕೈ ಊತ ಅನುಭವಿಸುವಂತೆ ಮಾಡಬೇಕಾಗಿಲ್ಲ. ಮೆಟಾಪ್ಲಾಸ್ಟಿಕ್ ಕ್ಯಾನ್ಸರಾದರೆ ಅದಕ್ಕೆ ತಕ್ಕ ಪೂರ್ಣ ಚಿಕಿತ್ಸೆಯೇ ಬೇಕು, ತಡ ಮಾಡುವಂತಿಲ್ಲ. ನಾಲ್ಕು ಹೆಸರು, ನಾಲ್ಕು ಬೇರೆ ಬೇರೆ ಬದುಕು.

2014ರಲ್ಲಿ ಸಿಂಗಪುರದ ಸಂಶೋಧಕರು ಫೈಬ್ರೋಅಡಿನೋಮಗಳಲ್ಲಿ ಮೆಡ್ 12 ಎಂಬ ಜೀನಿನ ಬದಲಾವಣೆಯನ್ನು ಗುರುತಿಸಿದರು. ಅದೇ ಬದಲಾವಣೆ ಎಲೆಗಂತಿಗಳಲ್ಲೂ ಸಿಕ್ಕಿ, ಇವೆರಡೂ ದಾಯಾದಿಗಳು ಎಂಬುದು ಸ್ಪಷ್ಟವಾಯಿತು. ಇಂಥ ಪರೀಕ್ಷೆಗಳು ಇನ್ನೂ ದೊಡ್ಡ ಊರುಗಳ ಸೊತ್ತು. ಆದರೆ ಅವೆಲ್ಲ ಶುರುವಾಗುವುದು 1893ರ ಆ ಹಳೆಯ ಫಾರ್ಮಲಿನ್ನಿನಿಂದಲೇ. ತೆಗೆದ ಗಂಟನ್ನು ಅದರ ಹತ್ತು ಪಾಲು ಫಾರ್ಮಲಿನ್ನಿನಲ್ಲಿ ತಡಮಾಡದೆ ಇಡದಿದ್ದರೆ ಯಾವ ಪ್ರತಿಕಾಯವೂ ಸರಿಯಾಗಿ ಉತ್ತರ ಕೊಡುವುದಿಲ್ಲ. ಸಣ್ಣ ಗಂಟು, ಪರೀಕ್ಷೆ ಯಾಕೆ ಎಂದು ಎಸೆದುಬಿಟ್ಟರೆ ಬರ್ನಿಯ ಕಥೆಯೇ ಮರಳಿ ನಡೆದಂತೆ. ಹರಿಹರದ ತಾಯಿಯೊಬ್ಬಳ ಎದೆಯ ಗಂಟು ತೆಗೆದಾಗ ಮನೆಯವರು ಕೇಳಬೇಕಾದ ಪ್ರಶ್ನೆಗಳು ಸರಳ: ಚೂರನ್ನು ಪರೀಕ್ಷೆಗೆ ಕಳಿಸಿದಿರಾ, ರಿಪೋರ್ಟಿನಲ್ಲಿ ಅನುಮಾನವಿದ್ದರೆ ಬ್ಲಾಕನ್ನು ಇನ್ನೊಬ್ಬರಿಗೆ ತೋರಿಸಬಹುದೇ? ಮೇಣದ ಆ ಬ್ಲಾಕು ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲ. ಜೋಪಾನವಾಗಿಟ್ಟರೆ ಹತ್ತಾರು ವರ್ಷ ಕಳೆದರೂ ಅದನ್ನು ಮತ್ತೆ ಕೊಯ್ದು ಹೊಸ ಪ್ರಶ್ನೆ ಕೇಳಬಹುದು.